ಎಡಕ್ಕೆ ಎಳೆಯುವ ಗಾಡಿ

“ಕೀ ಎಲ್ಲದೆ?”

ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ಪುಟ್ಟಮಾದಯ್ಯ ಕೇಳುತ್ತಿದ್ದ ಮಾತು ಇದು. ಜಗಲಿಯ ಮೇಲೆ ಎಡಗೈ ಊರಿ ಕೂತು, ಮನೆ ಮುಂದೆ ನಿಂತ ಓಮ್ನಿ ವ್ಯಾನಿನ ಮೇಲೆ ಕಣ್ಣಿಟ್ಟು ಕೇಳುತ್ತಿದ್ದ.

“ಅಂಗಡೀಲಿ ಮರ್ತ್ಬುಟ್ಟು ಬಂದೀನಿ ಅಪ್ಪ,” ಎನ್ನುತ್ತಿದ್ದ ಮಗ ಮಹದೇವಪ್ರಸಾದ್.

“ಮತ್ತೆ ಗಾಡಿ ನಡ್ಕಂಡು ಬಂತಾ ಮನೆಗೆ?”

ಕೀ ಪ್ಯಾಂಟಿನ ಜೇಬಿನಲ್ಲೇ ತೊಡೆಗೆ ಒತ್ತುತ್ತಿರುತ್ತಿತ್ತು. ಮಹದೇವಪ್ರಸಾದ್ ಹಲ್ಲುಜ್ಜಲು ಹಿತ್ತಲಿಗೆ ಹೋಗುತ್ತಿದ್ದ. ಒಳಗಿನಿಂದ ತಾಯಿ ರಾಚಮ್ಮ, “ಕಾಪಿ ಆರೋಯ್ತದೆ, ಮೊದ್ಲು ಕುಡೀರಿ. ಆಮೇಕೆ ಕಾಡಿಗೋಗೀರಂತೆ,” ಎಂದು ಕೂಗುತ್ತಿದ್ದಳು.

ಪುಟ್ಟಮಾದಯ್ಯ ಬಂಡೀಪುರದ ಕಾಡಿನಲ್ಲಿ ಇಲಾಖೆಯ ಜೀಪು ಓಡಿಸಿದವನು. ನಿವೃತ್ತಿಯಾದ ಮೇಲೆ ಈ ಓಮ್ನಿ ಕೊಂಡು, ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಗೆ ಬಾಡಿಗೆ ಹೊಡೆಯುತ್ತಿದ್ದ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕಾಲು ಬೇಗ ಸರಿಹೋಯಿತು, ಮಾತು ಹೋಗಲೇ ಇಲ್ಲ. ಮಾತು ಹೋಗಿದ್ದರೆ ಮನೆಗೆ ಒಂದಷ್ಟು ನೆಮ್ಮದಿ ಇರುತ್ತಿತ್ತು ಎಂದು ರಾಚಮ್ಮ ಅವನೆದುರೇ ಹೇಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ವ್ಯಾನು ಹತ್ತಿ, ಹಿಂದಕ್ಕೆ ಬಿಟ್ಟು, ಎದುರುಮನೆ ಮಂಚಮ್ಮನ ಕಾಂಪೌಂಡು ಕೆಡವಿದ್ದ. ಗೋಡೆಯ ಮಗ್ಗುಲಲ್ಲಿ ಅವಳ ಮೊಮ್ಮಗಳು ಅಡುಗೆಯಾಟ ಆಡುತ್ತಿದ್ದಳು. ಇಟ್ಟಿಗೆ ಆಟದ ಕುಡಿಕೆಯ ಮೇಲೆ ಬಿತ್ತು, ಮಗುವಿನ ಮೇಲೆ ಬೀಳಲಿಲ್ಲ. ಅಂದಿನಿಂದ ಕೀ ಮಗನ ಜೇಬು ಸೇರಿತು. ಬಾಡಿಗೆ ಬಂದರೆ ಮಗನೇ ಹೋಗುತ್ತಿದ್ದ.

ಮಹದೇವಪ್ರಸಾದನದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೊಬೈಲು, ಟಿವಿ, ಮಿಕ್ಸಿ ರಿಪೇರಿಯ ಸಣ್ಣ ಅಂಗಡಿ. ರಿಪೇರಿಗೆಂದು ಕೊಟ್ಟು ಯಾರೂ ವಾಪಸು ಕೇಳದ ಸಾಮಾನು ಅಲ್ಲಿ ಅಟ್ಟದ ತುಂಬ ಇತ್ತು. ಅದರಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಒಂದು ಹಳೆಯ ಗೇಮ್ ಪೆಟ್ಟಿಗೆ. ಗುಂಡ್ಲುಪೇಟೆ ಕಡೆಯ ಯಾವುದೋ ರೆಸಾರ್ಟಿನವರು ಬಿಟ್ಟುಹೋಗಿದ್ದು. ಬಲಗೈ ಹೆಬ್ಬೆರಳನ್ನು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮರದ ಹಾಗೆ ಆಗುತ್ತದೆ ಎಂದು ಆಸ್ಪತ್ರೆಯ ವ್ಯಾಯಾಮದವಳು ಹೇಳಿ ಒಂದು ರಬ್ಬರು ಚೆಂಡು ಕೊಟ್ಟಿದ್ದಳು. ಪುಟ್ಟಮಾದಯ್ಯ ಅದನ್ನು ಬೀದಿನಾಯಿಗೆ ಎಸೆದ. ಆಗ ಮಗನಿಗೆ ಅಟ್ಟದ ಪೆಟ್ಟಿಗೆ ನೆನಪಾಯಿತು. ಅಂಗಡಿಯ ದಪ್ಪ ಹಳೇ ಟಿವಿಯ ಸಮೇತ ಮನೆಗೆ ತಂದು ನಡುಮನೆಯಲ್ಲಿ ಕೂರಿಸಿದ. ಅದರಲ್ಲಿ ಒಂದು ಕಾರಿನ ಆಟವಿತ್ತು. ಮೆನುವಿನಲ್ಲಿ ಹುಡುಕಾಡಿ, ಆಟದ ರಿಮೋಟಿನಲ್ಲಿ ಹೆಬ್ಬೆರಳಿನಿಂದ ಆಡಿಸುವ ಸಣ್ಣ ಕಡ್ಡಿಗೆ, ಅಂದರೆ ಬಲಗಡೆಯ ಜಾಯ್‌ಸ್ಟಿಕ್ಕಿಗೆ ತಿರುಗಿಸುವುದನ್ನೂ ಎಡಗೈಯ ಗುಂಡಿಗೆ ಆಕ್ಸಿಲರೇಟರನ್ನೂ ಬರುವಂತೆ ಮಾಡಿಕೊಟ್ಟ.

“ಇದ್ಯಾವ ಗಾಡಿ?” ಎಂದು ಪುಟ್ಟಮಾದಯ್ಯ ಮೊದಲು ಮೂಗು ಮುರಿದ. “ಮೈಲೇಜು ಎಷ್ಟು ಕೊಟ್ಟದು?”

ಆಮೇಲೆ ಬಿಡಲಿಲ್ಲ. ಕಾಫಿ ಕುಡಿದವನೇ ಟಿವಿ ಮುಂದೆ ಚಾಪೆಯ ಮೇಲೆ ಕೂರುತ್ತಿದ್ದ. ಬಲಗೈಯನ್ನು ಎಡಗೈಯಿಂದ ಎತ್ತಿ ರಿಮೋಟಿನ ಮೇಲಿಟ್ಟು, ಹೆಬ್ಬೆರಳನ್ನು ಆ ಸಣ್ಣ ಕಡ್ಡಿಯ ತಲೆಗೆ ಒತ್ತಿ ಕೂತನೆಂದರೆ ಮಧ್ಯಾಹ್ನ ಊಟಕ್ಕೇ ಏಳುವುದು. ಆ ಕಡ್ಡಿಗೆ ಅವನು ಇಟ್ಟ ಹೆಸರು ಸ್ಟೇರಿಂಗು. ರಾಚಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತ, “ಆರನ್ ಒಡೀರಿ, ಆರನ್ ಒಡೀರಿ, ಮುಂದ್ಗಡೆ ಅವ್ನ್ಯಾರೋ ಅವ್ನೆ,” ಎನ್ನುತ್ತಿದ್ದಳು.

ಹಿಂದೆ ಇಲಾಖೆಯಲ್ಲಿ ಜೊತೆಗೆ ಗಾಡಿ ಓಡಿಸುತ್ತಿದ್ದ ಸೋಮಣ್ಣ ಒಂದು ದಿನ ಬಂದು ನೋಡಿ ನಕ್ಕ. “ಏನ್ಲಾ ಪುಟ್ಮಾದ, ಒಂಟಿ ಸಲಗದ ಎದುರ್ಗೆ ಜೀಪ್ ನಿಲ್ಸಿದ್ದೋನು, ಈಗ ಮಕ್ಳಾಟದ್ ಡ್ರೈವರ್ರಾ?”

“ನಿಂಗಿದು ಒಗ್ಗಕಿಲ್ಲ ಕಣ್ಲಾ ಸೋಮ. ಇದ್ರಲ್ಲಿ ಡೀಸೆಲ್ ಕದಿಯಕ್ಕಾಗಕಿಲ್ಲ.”

ನಗುನಗುತ್ತಲೇ ಅಪ್ಪ ಮಗನಿಗೆ ಒಂದು ಕರಾರು ಹಾಕಿದ್ದು ಅವತ್ತೇ, ಸೋಮಣ್ಣನ ಎದುರಿಗೆ. “ಒಂದ್ ಸುತ್ತು. ಶುರುವಿಂದ ಕೊನೇಗಂಟ ಒಂದ್ಸಲಾನೂ ಹುಲ್ಲಿಗಿಳೀದೆ ಓಡಿಸ್ಬುಟ್ರೆ, ಅವತ್ತು ಓಮ್ನಿ ಕೀ ನನ್ ಕೈಗೆ. ಏನಂತೀಯ?”

“ಆಯ್ತು ಬುಡಪ್ಪ,” ಎಂದ ಮಹದೇವಪ್ರಸಾದ್. ಆಗ ಟಿವಿಯ ಗಾಡಿ ಒಂದೊಂದು ತಿರುವಿಗೂ ರಸ್ತೆ ಬಿಟ್ಟು ಹುಲ್ಲಿಗಿಳಿಯುತ್ತಿತ್ತು. ಆಯಿತು ಎನ್ನಲು ಅವನಿಗೆ ಏನೂ ಖರ್ಚಾಗಲಿಲ್ಲ.

ಆದರೆ ಅಪ್ಪನ ಹೆಬ್ಬೆರಳು ದಿನೇ ದಿನೇ ಮಾತು ಕೇಳತೊಡಗಿತು. ಮೊದಲು ಟಿವಿಯಲ್ಲಿ, ಆಮೇಲೆ ತಟ್ಟೆಯಲ್ಲಿ ಅದು ಕಾಣಿಸಿತು. ಲಕ್ವ ಹೊಡೆದ ಮೇಲೆ ಚಮಚದಲ್ಲಿ ಅನ್ನ ತಿನ್ನುತ್ತಿದ್ದವನು ಒಂದು ರಾತ್ರಿ ಚಮಚ ಪಕ್ಕಕ್ಕಿಟ್ಟು, “ಮುದ್ದೆ ಆಕು,” ಎಂದ. ಮುದ್ದೆಯನ್ನು ಚಮಚದಲ್ಲಿ ತಿನ್ನಲಾಗದು. ಬಲಗೈ ಬೆರಳು ಊರಿ ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ ನುಂಗಬೇಕು. ಮೊದಲ ತುತ್ತು ಪಂಚೆಯ ಮೇಲೆ ಬಿತ್ತು. ಎರಡನೆಯದು ಬಾಯಿ ಮುಟ್ಟಿತು. ರಾಚಮ್ಮ ಒಲೆಯ ಕಡೆ ಮುಖ ತಿರುಗಿಸಿ ಸುಮ್ಮಸುಮ್ಮನೆ ಸಾರು ಕೆದಕಿದಳು.

“ಮಾವ ಮುದ್ದೆ ಮುರೀತಾರೆ, ನೀವು ಕೀ ರೆಡಿ ಮಾಡ್ಕೊಳ್ಳಿ,” ಎಂದಳು ಸೊಸೆ ಸ್ಪಂದನಾ. ಅವಳು ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಕಂಪನಿ ಬಸ್ಸಿಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮನೆ ಬಿಡುವವಳು. ತಮಾಷೆಗೆ ಆಡಿದ ಮಾತು. ಮಹದೇವಪ್ರಸಾದ್ ಎಡಗೈಯಿಂದ ಜೇಬು ಮುಟ್ಟಿ ನೋಡಿಕೊಂಡ.

ಅದಾದ ಸ್ವಲ್ಪ ದಿನಕ್ಕೆ ಆಟದ ಗಾಡಿ ಎಡಕ್ಕೆ ಎಳೆಯತೊಡಗಿತು.

ಮೊದಮೊದಲು ಅಪ್ಪ ತನ್ನಷ್ಟಕ್ಕೆ ಬೈದುಕೊಂಡ. ಆಮೇಲೆ ಒಂದು ಭಾನುವಾರ ಮಗನನ್ನು ಕರೆದ. “ಬಾ ಇಲ್ಲಿ. ಗೀಟು ಎಳ್ದಂಗೆ ಓಯ್ತಿದ್ದದ್ದು, ಈಗ ಎಡಕ್ಕೆ ಎಳೀತದೆ. ಜೀಪ್ಗೆ ಚಕ್ರ ಅಲೈನ್ಮೆಂಟ್ ಓದಂಗೆ. ಒಸಿ ನೋಡು.”

ಮಹದೇವಪ್ರಸಾದ್ ರಿಮೋಟು ಇಸಿದುಕೊಂಡ. ಹೆಬ್ಬೆರಳು ಇಡುತ್ತಲೇ ಗೊತ್ತಾಯಿತು. ಕಡ್ಡಿ ಸಡಿಲವಾಗಿತ್ತು, ಬಿಟ್ಟರೆ ಪೂರಾ ನಡುವಿಗೆ ಬರುತ್ತಿರಲಿಲ್ಲ. ಒಳಗೆ ಸವೆದಿದೆ. ಇಷ್ಟು ದಿನ ಅಪ್ಪನ ಮರಗಟ್ಟಿದ ಬೆರಳು ಮೈಭಾರ ಹಾಕಿ ಒತ್ತಿದ್ದಕ್ಕೆ ಸವೆಯದೆ ಇದ್ದರೇ ಆಶ್ಚರ್ಯ. ಅಂಗಡಿಯಲ್ಲಿ ಇಂಥದ್ದನ್ನು ಅವನು ಚಹಾ ಕುಡಿಯುತ್ತ ಹೇಳಿಬಿಡುತ್ತಿದ್ದ.

“ಈ ಎಳೆತ ಒಂದು ಓಗ್ಬುಟ್ರೆ,” ಎಂದ ಅಪ್ಪ, “ಕೊನೇ ತಿರುವು ಒಂದೇ ಬಾಕಿ. ಆಮೇಕೆ ನಿನ್ ತಂಗಿ ಪವಿತ್ರನ್ ಮಗೀನ ಕಿವಿ ಚುಚ್ಚಾಕೆ ಗುಂಡ್ಲುಪೇಟೆಗೆ ನಾನೇ ಓಡಿಸ್ಕೊಂಡೋಯ್ತೀನಿ. ನಿಮ್ಮವ್ವುನ್ನ ಮುಂದ್ಗಡೆ ಸೀಟಲ್ಲಿ ಕೂರುಸ್ಕೊಂಡು.”

ಮಹದೇವಪ್ರಸಾದನ ಕಣ್ಣಿಗೆ ಇಟ್ಟಿಗೆಯ ಕೆಳಗೆ ನುಚ್ಚಾದ ಕುಡಿಕೆ ಬಂದು ನಿಂತಿತು. ಅದರ ಹಿಂದೆಯೇ ಹೆದ್ದಾರಿಯ ಕೇರಳದ ಲಾರಿಗಳು ಕಣ್ಮುಂದೆ ಬಂದವು. ಅಪ್ಪನಿಗೆ ಬೇಡ ಎನ್ನಬೇಕಿತ್ತು. ಬೇಡ ಎಂದರೆ ಜಗಳ. ಅವನು ಬೇಡ ಎನ್ನಲಿಲ್ಲ. ಚಾಪೆಯ ಮೇಲೆ ಕೂತು, ಕಡ್ಡಿಯನ್ನು ಬಲಕ್ಕೆ ತುಸುವೇ ಒತ್ತಿ ಹಿಡಿದು, ಆ ಎಳೆತಕ್ಕೆ ಎದುರು ಎಳೆತ ಕೊಟ್ಟು, ಇಡೀ ಸುತ್ತು ನೀಟಾಗಿ ಓಡಿಸಿ ತೋರಿಸಿದ. ಒಂದು ಚಕ್ರವೂ ಹುಲ್ಲಿಗೆ ಇಳಿಯಲಿಲ್ಲ.

“ಇದ್ರಲ್ಲಿ ಏನೂ ಇಲ್ಲ ಅಪ್ಪ. ಸರಿಯಾಗೇ ಅದೆ.”

“ಮತ್ತೆ?”

“ನಿನ್ ಕೈ ಕಣಪ್ಪ.”

ಪುಟ್ಟಮಾದಯ್ಯ ತನ್ನ ಬಲಗೈ ಎತ್ತಿ ನೋಡಿಕೊಂಡ, ಬೇರೆ ಯಾರದೋ ಸಾಮಾನನ್ನು ನೋಡುವ ಹಾಗೆ. “ಅಂಗಾ,” ಎಂದ. “ರಿಪೇರಿಯೋನು ನೀನು. ನಿಂಗೆ ಗೊತ್ತಾಗ್ದೆ ಇದ್ದದಾ.”

ಮಾರನೆಯ ದಿನವೇ ಮಹದೇವಪ್ರಸಾದ್ ಮೈಸೂರಿನಿಂದ ಹೊಸ ಜಾಯ್‌ಸ್ಟಿಕ್ ತರಿಸಿದ. ಕಸುಬಿನ ಅಭ್ಯಾಸ ಅದು. ಕೆಟ್ಟಿದ್ದು ಕಂಡರೆ ಭಾಗ ತರಿಸುವುದು. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿದ್ದ ಅದನ್ನು ಅಂಗಡಿಯ ಡ್ರಾಯರಿನಲ್ಲಿ ಹಾಕಿದ. ದಿನಾ ಅಂಗಡಿಗೆ ಹೋಗಿ ಓಮ್ನಿ ಕೀಯನ್ನು ಅದರ ಪಕ್ಕದಲ್ಲೇ ಇಡುತ್ತಿದ್ದ. ಸಂಜೆ ಕೀ ತೆಗೆದುಕೊಳ್ಳುತ್ತಿದ್ದ. ಚೀಲ ಅಲ್ಲೇ ಉಳಿಯುತ್ತಿತ್ತು.

ಎಳೆತ ದಿನದಿಂದ ದಿನಕ್ಕೆ ಹೆಚ್ಚಾಯಿತು. ಪುಟ್ಟಮಾದಯ್ಯ ಇನ್ನಷ್ಟು ಹೊತ್ತು ಕೂತ, ಇನ್ನಷ್ಟು ಒತ್ತಿದ. ಗಾಡಿ ಎರಡನೆಯ ತಿರುವಿಗೇ ಹುಲ್ಲಿಗಿಳಿಯತೊಡಗಿತು. ಒಂದು ದಿನ ರಿಮೋಟನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಎದ್ದ. ಎಸೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ರಾಚಮ್ಮ ಹೇಳಿದಳು; ಎಸೆಯುವವರಿಗೆ ಇನ್ನೂ ಒಂದಿಷ್ಟು ಆಸೆ ಇರುತ್ತದೆ.

ಅವತ್ತು ರಾತ್ರಿ ತಟ್ಟೆಯ ಮುಂದೆ ಕೂತು, “ಚಮ್ಚ ಕೊಡು,” ಎಂದ.

“ಮುದ್ದೆ ಮಾಡಿವ್ನಿ.”

“ಅನ್ನ ಇಲ್ವಾ?”

“ನಿನ್ನೆ ಮುರಿದ್ರಲ್ಲ, ಇವತ್ತೇನಾಯ್ತು?”

“ಮುರ್ದಿದ್ದು ಸಾಕು. ಕೈ ಓಯ್ತು ಅಂದ್ಮೇಲೆ ಓಯ್ತು. ಚಮ್ಚ ಕೊಡಮ್ಮಿ.”

ಸ್ಪಂದನಾ ಚಮಚ ತಂದು ಕೊಟ್ಟಳು. ಅವನು ಎಡಗೈಯಲ್ಲಿ ಹಿಡಿದ. ಬಲಗೈಯನ್ನು ತೊಡೆಯ ಮೇಲೆ, ಟವೆಲಿನ ಅಡಿಯಲ್ಲಿ ಮುಚ್ಚಿಟ್ಟ. ಮಹದೇವಪ್ರಸಾದ್ ತಲೆ ಎತ್ತದೆ ಮುದ್ದೆ ನುಂಗಿದ. ಒಳ್ಳೆಯದೇ ಆಯಿತು, ಇನ್ನು ಕೀ ಕೇಳುವುದಿಲ್ಲ ಎಂದುಕೊಂಡ. ನಿಜವಾಗಿಯೂ ಅಂದಿನಿಂದ ಪುಟ್ಟಮಾದಯ್ಯ ಕೀ ಕೇಳಲಿಲ್ಲ. ಜಗಲಿಯ ಮೇಲೆ ಕೂರುವಾಗ ವ್ಯಾನಿಗೆ ಬೆನ್ನು ಹಾಕಿ ಕೂರುತ್ತಿದ್ದ. ಗಡ್ಡ ಬಿಟ್ಟ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಬಿಟ್ಟ. ರಾಚಮ್ಮನೇ ಹಾಕಬೇಕಾಯಿತು. ಗುಂಡಿ ಹಾಕುವಾಗ ಅವನು ಗೋಡೆ ನೋಡುತ್ತ ನಿಲ್ಲುತ್ತಿದ್ದ.

ಬೆಳಿಗ್ಗೆ ಮನೆ ಮೌನವಾಯಿತು. ಆ ಮೌನಕ್ಕೆ ಮಹದೇವಪ್ರಸಾದ್ ಹಲ್ಲುಜ್ಜುವುದನ್ನು ಬೇಗ ಬೇಗ ಮುಗಿಸುತ್ತಿದ್ದ.

ಕಿವಿ ಚುಚ್ಚುವ ದಿನ ಬಂತು. ತಂಗಿ ಪವಿತ್ರಳ ಗಂಡನ ಮನೆ ಗುಂಡ್ಲುಪೇಟೆಯಲ್ಲಿ. ಮಹದೇವಪ್ರಸಾದನೇ ಓಮ್ನಿ ಓಡಿಸಿದ. ಅಪ್ಪನಿಗೆ ಮುಂದಿನ ಸೀಟಿನ ಬಾಗಿಲು ತೆಗೆದರೆ, ಅವನು ಹಿಂದೆ ಹೋಗಿ ರಾಚಮ್ಮನ ಪಕ್ಕ, ಬಾಳೆಗೊನೆಯ ಜೊತೆ ಕೂತ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮೊದಲಾಗಿದ್ದರೆ, ಗೇರ್ ಇಳಿಸು, ಅವನಿಗೆ ಜಾಗ ಕೊಡು, ಬ್ರೇಕಿನ ಮೇಲೆ ಯಾಕೆ ಕಾಲಿಟ್ಟಿದ್ದೀಯ ಎಂದು ಪ್ರಾಣ ತಿನ್ನುತ್ತಿದ್ದ.

ಮನೆ ಮುಂದೆ ಶಾಮಿಯಾನ, ಬಾಡೂಟ. ಮೊದಲ ಪಂಕ್ತಿಯಲ್ಲಿ ತಾತನನ್ನು ಮಗುವಿನ ಅಪ್ಪನ ಪಕ್ಕ ಕೂರಿಸಿದರು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಪುಟ್ಟಮಾದಯ್ಯ ಬಲಗೈಯನ್ನು ಟವೆಲಿನ ಅಡಿಯಿಂದ ತೆಗೆಯಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿಯಲು ಹೋದ.

ಪವಿತ್ರಳ ಅತ್ತೆ ಸಣ್ಣತಾಯಮ್ಮ ಪಲ್ಯದ ಬಕೆಟು ಹಿಡಿದು ಬರುತ್ತಿದ್ದವಳು ನಿಂತಳು. “ಬೀಗ್ರೆ, ಎಡಗೈ ಬ್ಯಾಡಿ. ಮಗೀಗೆ ಮೊದುಲ್ನೇ ಶಾಸ್ತ್ರ. ಬಲಗೈಲೇ ಒಂದ್ ತುತ್ತು ಬಾಯಿಗ್ ಮುಟ್ಸಿ, ಆಮೇಲೆ ಎಂಗಾರ ಉಣ್ಣಿ.” ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಆದರೆ ಅವಳದು ದೊಡ್ಡ ದನಿ. ಪಂಕ್ತಿಯ ತಲೆಗಳೆಲ್ಲ ತಿರುಗಿದವು.

“ಅದು ಓಯ್ತು ಕಣಮ್ಮ,” ಎಂದ ಪುಟ್ಟಮಾದಯ್ಯ.

“ಓದ್ತಿಂಗಳು ಪವಿತ್ರ ಯೋಳ್ತಿದ್ಲು, ಅಪ್ಪ ಮುದ್ದೆ ಮುರೀತದೆ ಅಂತ?”

“ಅದು ನಾನು ಸರಿಯಾಯ್ತು ಅಂದ್ಕಂಡಿದ್ದೆ. ಅಲ್ಲಿ ನಿಂತವ್ನಲ್ಲ, ನನ್ ಮಗ, ಅವ್ನೇ ನೋಡಿ ಯೋಳ್ದ, ಕೈ ಕೆಟ್ಟೋಗದೆ ಅಂತ. ಅವ್ನು ರಿಪೇರಿಯೋನು. ಸುಳ್ ಯೋಳಾನಾ?”

ಮಹದೇವಪ್ರಸಾದ್ ನೀರಿನ ಜಗ್ಗು ಹಿಡಿದು ಪಂಕ್ತಿಯ ಕೊನೆಯಲ್ಲಿ ನಿಂತಿದ್ದ. ಒಂದಷ್ಟು ಜನ ಅವನ ಕಡೆ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿದರು. ಅಪ್ಪನನ್ನು ನೋಡಿಕೊಳ್ಳುವ ಒಳ್ಳೆಯ ಮಗ. ಅವನ ಕಿವಿ ಕಾದ ಹೆಂಚಿನ ಹಾಗೆ ಸುಟ್ಟಿತು. ಯಾರದೋ ಲೋಟದಲ್ಲಿ ನೀರು ತುಂಬಿ ಎಲೆಗೆ ಹರಿಯಿತು.

ಪುಟ್ಟಮಾದಯ್ಯ ಎದ್ದ. ಪಂಕ್ತಿ ಮುಗಿಯುವ ಮೊದಲು, ಮುಟ್ಟದ ಎಲೆ ಬಿಟ್ಟು ಎದ್ದ. ಹೋಗಿ ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತವನು ಹೊರಡುವತನಕ ಇಳಿಯಲಿಲ್ಲ. ಪವಿತ್ರ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಹೋಗಿ ಅತ್ತಳು, ಬೈದಳು. ಕೊನೆಗೆ ತಟ್ಟೆಯನ್ನು ಹಾಗೇ ವಾಪಸು ತಂದು ಅಣ್ಣನ ಮುಂದೆ ನಿಂತು, “ಏನಣ್ಣ ಇದು? ಮೊನ್ನೆಗಂಟ ಚೆಂದಾಗಿತ್ತಲ್ಲ ಅಪ್ಪ. ಡಾಕ್ಟ್ರುಗಾರ ತೋರುಸ್ದಾ?” ಎಂದಳು.

“ತೋರುಸ್ತೀನಿ ಬುಡು,” ಎಂದ ಮಹದೇವಪ್ರಸಾದ್.

ಮರುದಿನ ರಾಚಮ್ಮ ನಡುಮನೆ ಒರೆಸುತ್ತಿದ್ದಳು. ಮಹದೇವಪ್ರಸಾದ್ ಅಂಗಡಿಗೆ ಹೊರಟು ಅಂಗಿ ಹಾಕಿಕೊಳ್ಳುತ್ತಿದ್ದ. ಅಪ್ಪ ಜಗಲಿಯಲ್ಲಿದ್ದ. ದೂಳು ಹಿಡಿದ ಟಿವಿಯ ಮೇಲೆ ಬಟ್ಟೆ ಆಡಿಸುತ್ತ ಅವಳು ಸ್ವಿಚ್ಚು ಅದುಮಿದಳೋ, ದಿನಾ ಗಂಡನಿಗೆ ಹಚ್ಚಿಕೊಡುತ್ತಿದ್ದ ಅಭ್ಯಾಸಕ್ಕೆ ಬೇಕೆಂದೇ ಹಚ್ಚಿದಳೋ, ಆಟ ಶುರುವಾಯಿತು. ರಿಮೋಟು ಚಾಪೆಯ ಮೇಲೆ ಬಿದ್ದಿತ್ತು. ಅವಳು ಗಂಡ ಮಾಡುತ್ತಿದ್ದುದನ್ನು ನೋಡಿದ್ದವಳು, ಆಕ್ಸಿಲರೇಟರಿನ ಗುಂಡಿಯನ್ನು ಒದ್ದೆ ಬೆರಳಿನಿಂದ ಒತ್ತಿ ಹಿಡಿದಳು. ಬೇರೆ ಏನನ್ನೂ ಮುಟ್ಟಲಿಲ್ಲ.

ಗಾಡಿ ಹೊರಟಿತು. ನೇರ ರಸ್ತೆಯಲ್ಲಿ ತಾನೇ ತಾನಾಗಿ ಎಡಕ್ಕೆ ಹೊರಳಿ ಹುಲ್ಲಿಗಿಳಿಯಿತು.

ರಾಚಮ್ಮ ಇನ್ನೊಂದು ಸಲ ನೋಡಿದಳು. ಮತ್ತೆ ಹುಲ್ಲು.

“ಮಾದೇವ, ಇಲ್ಲಿ ಬಾ.” ದನಿ ತಗ್ಗಿತ್ತು. “ಯಾರೂ ಮುಟ್ದೆ ಇದ್ರೂ ತಿರುಗ್ತದಲ್ಲ ಇದು?”

ಮಹದೇವಪ್ರಸಾದ್ ಅಂಗಿಯ ಕೊನೆಯ ಗುಂಡಿ ಹಾಕಿದ. ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿದ.

“ನಿಂಗೆ ಗೊತ್ತಿತ್ತಾ?”

“ಅವ್ವ, ಒಸಿ ಮೆಲ್ಗೆ ಮಾತಾಡು.”

“ಗೊತ್ತಿತ್ತು.” ಅವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ಮಗನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವತ್ತು ವಾರದ ರಜೆಯಿದ್ದ ಸ್ಪಂದನಾ ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಿದ್ದಳು.

“ಕೇಳಮ್ಮಿ ನಿನ್ ಗಂಡನ್ನ. ಅದು ಕೆಟ್ಟೋಗಿದ್ದು ಗೊತ್ತಿದ್ದೂ ಗೊತ್ತಿದ್ದೂ, ಅವ್ರ ಕೈ ಕೆಟ್ಟೋಗದೆ ಅಂದವ್ನೆ.”

“ಮತ್ತಿನ್ನೇನ್ ಮಾಡ್ಲಿ?” ಮಹದೇವಪ್ರಸಾದನ ದನಿಯೂ ಏರಿತು. “ಕೀ ಕೊಡ್ಬೇಕಾಗಿತ್ತಾ? ಅವತ್ತು ಗೋಡೆ ಬಿದ್ದಾಗ ಆ ಮಗು ಸತ್ತಿದ್ರೆ? ಈಗ ಯಾರ್ಗಾದ್ರೂ ಗುದ್ದಿದ್ರೆ ಜೈಲ್ಗೆ ನೀನ್ ಓಯ್ತಿದ್ದಾ?”

“ಕೀ ಕೊಡು ಅಂತ ಯಾರ್ಲಾ ಯೋಳುದ್ರು? ನಾನೂ ಕೊಡ್ತಿರ್ನಿಲ್ಲ. ಕೊಡಕಿಲ್ಲ ಅಂತ ಮಕಕ್ ಒಡ್ದಂಗೆ ಯೋಳು. ಬೈಸ್ಕೊ. ಎರಡ್ ದಿನ ಅನ್ನ ಬುಡ್ತಿದ್ರು, ಬುಡ್ಲಿ. ಬ್ಯಾಡ ಅನ್ನಕ್ಕೆ ಬಾಯಿಲ್ದೆ, ಇರೋ ಕೈನೂ ಕಿತ್ಕಂಡ್ಯಲ್ಲ.”

“ಅವ್ರ ಒಳ್ಳೇದಕ್ಕೇ...”

“ಗುಂಡ್ಲುಪೇಟೇಲಿ ಎಲೆ ಬುಟ್ಟು ಎದ್ರಲ್ಲ, ಅದು ಒಳ್ಳೇದಾ?”

ಸ್ಪಂದನಾ ಈರುಳ್ಳಿಯಿಂದ ತಲೆ ಎತ್ತಲಿಲ್ಲ. “ಅವತ್ತು ನೀವು ಒಂದು ಸುತ್ತು ಓಡಿಸಿ ತೋರಿಸಿದ್ರಲ್ಲ,” ಎಂದಳು. “ಹುಲ್ಲಿಗೆ ಇಳೀಲೇ ಇಲ್ಲ. ಎದುರಿಗೆ ಒತ್ತಿ ಹಿಡ್ಕೊಂಡಿದ್ರಾ?”

ಮಹದೇವಪ್ರಸಾದ್ ಬಾಗಿಲ ಕಡೆ ತಿರುಗಿದ.

“ಥೂ,” ಎಂದಳು ಸ್ಪಂದನಾ. ಜೋರಾಗಿ ಅಲ್ಲ. ಬಾಯಿಗೆ ಕಹಿ ಬಂದಾಗ ಅನ್ನುವ ಹಾಗೆ.

ಅವನು ರಿಮೋಟನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟ. ಜಗಲಿ ದಾಟುವಾಗ ಅಪ್ಪ ವ್ಯಾನಿಗೆ ಬೆನ್ನು ಹಾಕಿ ಕೂತಿದ್ದ. ಅಡುಗೆಮನೆಯ ಮಾತು ಇಲ್ಲಿಗೆ ಕೇಳಿತ್ತೋ ಇಲ್ಲವೋ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಅಂಗಡಿಯಲ್ಲಿ ಅವತ್ತು ಮೊದಲು ಮಾಡಿದ ಕೆಲಸ ಅದೇ. ಮಿಕ್ಸಿಗಾಗಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದ ಹೆಂಗಸನ್ನು ಮಧ್ಯಾಹ್ನ ಬರಲು ಹೇಳಿ ಕಳಿಸಿದ. ರಿಮೋಟಿನ ಬೆನ್ನಿನ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿದ. ಒಳಗೆಲ್ಲ ಅಪ್ಪನ ಬೆವರಿನ ಜಿಡ್ಡು, ರಾಗಿ ಹಿಟ್ಟಿನ ಹಾಗೆ ಮೂಲೆ ಮೂಲೆಯಲ್ಲಿ ಕೂತಿತ್ತು. ಜಾಯ್‌ಸ್ಟಿಕ್ಕಿನ ಬುಡದಲ್ಲಿ ಕಪ್ಪು ಪುಡಿ. ಉಜ್ಜಿ ಉಜ್ಜಿ ಉದುರಿದ್ದು. ಅದನ್ನು ಬೋರ್ಡಿನಿಂದ ಕೀಳುವುದು ತಾಳ್ಮೆಯ ಕೆಲಸ. ಬೋರ್ಡಿಗೆ ಬೆಸೆದ ತಂತಿಯ ಕಾಲುಗಳು ಬಹಳ. ಒಂದೊಂದಕ್ಕೂ ಬೆಸುಗೆಯ ಕಾದ ಕಡ್ಡಿ ಮುಟ್ಟಿಸಿ, ಕರಗಿದ ಸೀಸವನ್ನು ತಾಮ್ರದ ಜಾಲರಿಯಿಂದ ಹೀರಿ, ಕಾಲು ಸಡಿಲವಾಯಿತೇ ಎಂದು ಅಲುಗಿಸಿ ನೋಡಬೇಕು. ಒಂದು ಕಾಲು ಹಿಡಿದಿದ್ದಾಗ ಎಳೆದರೆ ಬೋರ್ಡಿನ ಗೆರೆಯೇ ಕಿತ್ತು ಬರುತ್ತದೆ. ಹಿಡಿತ ಜಾರಿ ಕಾದ ಕಡ್ಡಿ ಬಲಗೈ ಹೆಬ್ಬೆರಳಿಗೆ ತಗುಲಿತು. ಎಷ್ಟೋ ವರ್ಷದಿಂದ ಅವನು ಹಾಗೆ ಸುಟ್ಟುಕೊಂಡಿರಲಿಲ್ಲ.

ಹಳೆಯದು ಕಿತ್ತುಬಂತು. ಡ್ರಾಯರು ತೆಗೆದು ಚೀಲ ಹರಿದು ಹೊಸದನ್ನು ಕೂರಿಸಿ ಬೆಸೆದ. ಪರೀಕ್ಷೆಗೆ ಸಿಕ್ಕಿಸಿ ನೋಡಿದಾಗ ಕಡ್ಡಿ ಎಲ್ಲಿಗೆ ದೂಡಿದರೂ ಬಿಟ್ಟ ತಕ್ಷಣ ನಡುವಿಗೆ ಬಂದು ನಿಂತಿತು. ಇಷ್ಟೇ ಕೆಲಸ. ಒಂದು ಮಿಕ್ಸಿ ರಿಪೇರಿಗಿಂತ ಹೆಚ್ಚಿನದಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ಕಷ್ಟದ ಕೆಲಸವಾಗಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂದವನು ರಿಮೋಟನ್ನು ಟಿವಿಗೆ ಸಿಕ್ಕಿಸಿ, “ಅಪ್ಪ, ಒಂದ್ ಸುತ್ತು ಆಡು ಬಾ,” ಎಂದ. ದನಿ ತನ್ನದಲ್ಲ ಅನ್ನಿಸಿತು.

“ಯಾಕೆ?”

“ಸುಮ್ನೆ ಬಾ.”

“ಒಸಿ ಕೂತ್ಕಳಿ, ಏನೋ ಕರೀತಾವ್ನೆ,” ಎಂದಳು ರಾಚಮ್ಮ.

ಪುಟ್ಟಮಾದಯ್ಯ ಬಂದು ಕೂತ. ಟವೆಲಿನ ಅಡಿಯಿಂದ ಬಲಗೈ ತೆಗೆದು, ಎತ್ತಿ, ಕಡ್ಡಿಯ ಮೇಲಿಟ್ಟ. ಎಷ್ಟೋ ದಿನದಿಂದ ಕೆಲಸವಿಲ್ಲದ ಹೆಬ್ಬೆರಳು ಬಿಗಿದುಕೊಂಡಿತ್ತು. ಗಾಡಿ ಹೊರಟಿತು. ನೇರ ರಸ್ತೆಯಲ್ಲಿ ಗೀಟು ಎಳೆದ ಹಾಗೆ ಹೋಯಿತು. ಮೊದಲ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆಯದರಲ್ಲಿ ಅಪ್ಪನ ಬೆರಳು ತಡವಾಗಿ, ಗಾಡಿ ಬಲಗಡೆಯ ಹುಲ್ಲಿಗೆ ನುಗ್ಗಿತು.

ಅವನು ಗುಂಡಿ ಬಿಟ್ಟ. ಗಾಡಿ ಹುಲ್ಲಿನಲ್ಲಿ ನಿಂತಿತು.

“ಇದು ನನ್ ಕೈ,” ಎಂದ. “ಎಡಕ್ಕೆ ಎಳೀತಿತ್ತಲ್ಲ, ಅದು ನನ್ ಕೈ ಅಲ್ಲ.”

ಅವನು ಮಗನ ಕಡೆ ತಿರುಗಿದ.

“ಗಾಡೀಲಿ ದೋಸ ಇತ್ತು. ಅಲ್ವಾ?”

“ಹೂಂ.”

“ನಾನ್ ಕರ್ದು ತೋರುಸ್ದೆ. ಅವತ್ತೇ ಗೊತ್ತಾಯ್ತಾ ನಿಂಗೆ?”

ಮಹದೇವಪ್ರಸಾದ್ ನೆಲ ನೋಡಿಕೊಂಡು ತಲೆಯಾಡಿಸಿದ.

ಬೈಗುಳ ಬರುತ್ತದೆ ಎಂದು ಕಾದ. ರಿಮೋಟು ತಲೆಗೆ ಬಂದು ಬೀಳುತ್ತದೆ ಎಂದು ಕಾದ. ಬಂದಿದ್ದರೆ ಬದುಕುತ್ತಿದ್ದ. ಪುಟ್ಟಮಾದಯ್ಯ ಹೆಂಡತಿಯ ಕಡೆ ತಿರುಗಿ, “ಏನ್ ಮಾಡಿದ್ದೀಯ ಊಟಕ್ಕೆ?” ಎಂದ.

“ಅನ್ನ. ಮುದ್ದೆ ರಾತ್ರಿಗೆ ಅಂತ...”

“ಈಗ್ಲೇ ತಿರುವು. ಕಾಯ್ತೀನಿ.”

ಹಿಟ್ಟು ಬೇಯುವತನಕ ಎಲ್ಲರೂ ಕಾದರು. ಮುದ್ದೆ ಬಂದಾಗ ಅಪ್ಪ ಮಗನನ್ನು ಎದುರಿಗೆ ಕೂರಲು ಹೇಳಿದ. ಬಲಗೈ ತಟ್ಟೆಗಿಟ್ಟು ಮುರಿದ. ತುತ್ತು ಜಾರಿತು. ಮತ್ತೆ ಮುರಿದ. ಸಾರು ಮೊಣಕೈವರೆಗೆ ಇಳಿಯಿತು, ಗಡ್ಡಕ್ಕೆ ಮೆತ್ತಿತು. ಸ್ಪಂದನಾ ಟವೆಲು ತರಲು ಏಳಹೋದರೆ, “ಕೂತ್ಕೊಳವ್ವ,” ಎಂದ. ಮಹದೇವಪ್ರಸಾದನ ತಟ್ಟೆ ಯಾವಾಗಲೋ ಬರಿದಾಗಿತ್ತು. ಒಣಗಿದ ಕೈ ಹಿಡಿದುಕೊಂಡು, ಅಪ್ಪ ಕೊನೆಯ ತುತ್ತು ನುಂಗುವತನಕ ಅವನು ಕೂತೇ ಇರಬೇಕಾಯಿತು.

ಆಮೇಲೆ ಪುಟ್ಟಮಾದಯ್ಯ ಮೊದಲಿನ ಹಾಗೆ ಟಿವಿ ಮುಂದೆ ಕೂರತೊಡಗಿದ. ಗಡ್ಡ ಬೋಳಿಸಿದ. ಸೋಮಣ್ಣ ಬಂದರೆ ನಗುತ್ತಿದ್ದ, ಸ್ಪಂದನಾಳ ಹತ್ತಿರ ಕಾರ್ಖಾನೆಯ ಸುದ್ದಿ ಕೇಳುತ್ತಿದ್ದ. ಮಗನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಅವರೆಕಾಯಿಯ ಕಾಲ ಮುಗಿಯುವ ಹೊತ್ತಿಗೆ, ಒಂದು ಭಾನುವಾರ, ಸೋಮಣ್ಣನೂ ಮಂಚಮ್ಮನೂ ನಡುಮನೆಯಲ್ಲಿ ಇದ್ದಾಗಲೇ, ಶುರುವಿನಿಂದ ಕೊನೆಯತನಕ ಹುಲ್ಲು ಮುಟ್ಟದೆ ಒಂದು ಸುತ್ತು ಓಡಿಸಿ ಮುಗಿಸಿದ. ಕೊನೆಯ ತಿರುವಿನಲ್ಲಿ ರಾಚಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

“ಏನ್ಲಾ ಇದು!” ಎಂದು ಸೋಮಣ್ಣ ತೊಡೆ ಬಡಿದ.

ಪುಟ್ಟಮಾದಯ್ಯ ಮಗನ ಕಡೆ ಕೈ ನೀಡಿದ. ಬಲಗೈ. “ಕೀ.”

ಮಹದೇವಪ್ರಸಾದನಿಗೆ ಬೇಡ ಎನ್ನಲು ಇದೊಂದು ಅವಕಾಶ ಉಳಿದಿತ್ತು. ಅವ್ವ ಅವನನ್ನೇ ನೋಡುತ್ತಿದ್ದಳು. “ಅಪ್ಪ, ಡಾಕ್ಟ್ರು...” ಎಂದು ಶುರು ಮಾಡಿದ. ಡಾಕ್ಟರು ಆಡದ ಮಾತನ್ನು ತಾನು ಯಾವ ಬಾಯಿಂದ ಹೇಳುತ್ತಿದ್ದೇನೆ ಎಂದು ಹೊಳೆದು, ಅಲ್ಲಿಗೇ ನಿಲ್ಲಿಸಿದ. ಜೇಬಿನಿಂದ ಕೀ ತೆಗೆದು ಅಪ್ಪನ ಅಂಗೈಗೆ ಇಟ್ಟ. ಬೆರಳುಗಳು ನಿಧಾನಕ್ಕೆ ಮುಚ್ಚಿಕೊಂಡವು.

ಮಂಚಮ್ಮ ಎದ್ದು ನಿಂತಳು. “ಪುಟ್ಮಾದಣ್ಣ, ನಿನ್ ದಮ್ಮಯ್ಯ, ನನ್ ಗೋಡೆ ಹೊಸದು ಕಣಪ್ಪ.”

“ನಿನ್ ಗೋಡೆ ತಾವ್ಕೆ ಬರಕಿಲ್ಲ ಓಗಮ್ಮಿ,” ಎಂದ ಅವನು.

ಆ ರಾತ್ರಿ ಮಹದೇವಪ್ರಸಾದ್ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು ಓಡಿಬಂದು ನೋಡಿದರೆ ವ್ಯಾನು ಇದ್ದಲ್ಲೇ ಇತ್ತು. ಅಪ್ಪ ಜಗಲಿಯ ಮೇಲೆ ವ್ಯಾನಿನ ಕಡೆಗೇ ಮುಖ ಮಾಡಿ ಕೂತು ಕಾಫಿ ಹೀರುತ್ತಿದ್ದ. ಕೀ ಅವನ ಸೊಂಟದ ಉಡಿದಾರಕ್ಕೆ ಗಂಟು ಹಾಕಿಕೊಂಡು ನೇತಾಡುತ್ತಿತ್ತು. ಓಡಿಸುವ ಮಾತೇ ಅವನು ಎತ್ತಲಿಲ್ಲ.

ಗುಂಡ್ಲುಪೇಟೆಯ ಬಾಡಿಗೆ ಇತ್ತು ಅವತ್ತು. ಹೊತ್ತಾಗುತ್ತಿತ್ತು. ಮಹದೇವಪ್ರಸಾದ್ ಸ್ನಾನ ಮಾಡಿ, ತಿಂಡಿ ತಿಂದು, ಜಗಲಿಯ ಕೆಳಗೆ ಬಂದು ನಿಂತ.

“ಅಪ್ಪ. ಕೀ.”

“ಯಾವ ಕೀ?”

ಎದುರುಮನೆಯಲ್ಲಿ ಮಂಚಮ್ಮ ರಂಗೋಲಿ ಹಾಕುತ್ತಿದ್ದವಳು ತಲೆ ಎತ್ತಿದಳು.

“ಓಮ್ನಿ ಕೀ ಅಪ್ಪ. ಬಾಡಿಗೆ ಅದೆ.”

“ಗಾಡಿ ಓಡ್ಸಬೇಕಾದ್ರೆ ಕೈ ಸರಿ ಇರ್ಬೇಕು,” ಎಂದ ಪುಟ್ಟಮಾದಯ್ಯ. “ಎಲ್ಲಿ, ನಿನ್ ಕೈ ತೋರ್ಸು. ನೋಡನ.”

ಬೀದಿಯಲ್ಲಿ ಹಾಲಿನವನು ಹೋಗುತ್ತಿದ್ದ. ಕಂಪನಿ ಬಸ್ಸಿಗೆ ಹೊರಟ ಸ್ಪಂದನಾ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಮಹದೇವಪ್ರಸಾದ್ ಬಲಗೈ ಚಾಚಿದ. ಅಪ್ಪ ಅದನ್ನು ಹಿಡಿದು ತಿರುಗಿಸಿ ನೋಡಿದ, ಹೆಬ್ಬೆರಳ ಮೇಲಿನ ಸುಟ್ಟ ಕಲೆಯನ್ನು ಬೆರಳಿನಿಂದ ಒತ್ತಿ ನೋಡಿದ. ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದ್ದೆಂದೂ ಅನ್ನಲಿಲ್ಲ. ಆಮೇಲೆ ಅದನ್ನು ಬಿಟ್ಟು, ತನ್ನ ಬಲಗೈಯನ್ನು ಸೊಂಟಕ್ಕೆ ತಂದು, ಉಡಿದಾರದ ಗಂಟು ಬಿಚ್ಚತೊಡಗಿದ.

ಬೆರಳು ಜಾರುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾಡಿಗೆಯವರ ಫೋನು ಮಹದೇವಪ್ರಸಾದನ ಜೇಬಿನಲ್ಲಿ ಒಂದು ಸಲ ಬಡಿದುಕೊಂಡು ನಿಂತಿತು, ಇನ್ನೊಂದು ಸಲ ಬಡಿದುಕೊಂಡಿತು. ಅವನು ತೆಗೆಯಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ಅವನಿಗೆ ಬರಲಿಲ್ಲ. ಗಂಟು ಇನ್ನೂ ಬಿಚ್ಚಿರಲಿಲ್ಲ.